ಮೆಕ್ಯಾನಿಕಲ್ ಎಂ.ಟೆಕ್‌ನಲ್ಲಿ ಕಲಿಸುವುದಾದರೂ ಏನು? ಕಾಫಿ ಕಣದಿಂದ ಒಂದು ಲೆಕ್ಕ

ಜನವರಿಯ ಕೊನೆ. ನಮ್ಮ ಕಣದ ತುಂಬಾ ರೊಬಸ್ಟಾ ಹಣ್ಣು ಹರಡಿತ್ತು. ಮರದ ಹಲಗೆ ಹಿಡಿದು ಅದನ್ನು ತಿರುವುತ್ತಿದ್ದೆ. ಪಕ್ಕದ ತೋಟದ ಹುಡುಗ ಬೇಲಿ ದಾಟಿ ಬಂದು ಸ್ವಲ್ಪ ಹೊತ್ತು ಸುಮ್ನೆ ನಿಂತ. ಮೆಕ್ಯಾನಿಕಲ್ ಬಿ.ಇ., ಮೂರನೇ ವರ್ಷ. ಕೇಳಲೋ ಬೇಡವೋ ಎಂದು ನೋಡಿ ಕೊನೆಗೆ ಬಾಯಿ ಬಿಟ್ಟ.

“ಅಣ್ಣ, ಎಂ.ಟೆಕ್ ಮಾಡ್ಲಾ? ಅಪ್ಪ ಬೇಡ ಅಂತಾರೆ. ನಾಲ್ಕು ವರ್ಷ ಓದಿದ್ದನ್ನೇ ಇನ್ನೆರಡು ವರ್ಷ ಓದೋದಾ ಅಂತ ಕೇಳ್ತಾರೆ.”

ಅವರಪ್ಪ ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಥರ್ಮಲ್ ವಿಭಾಗದಲ್ಲಿ ಎಂ.ಟೆಕ್ ಮಾಡಿ, ಕೆಲವು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ತೋಟ ನೋಡಿಕೊಳ್ಳಲು ವಾಪಸ್ ಬಂದವನು. ಸೇರುವಾಗ ನನಗೂ ಅದೇನೆಂದು ಗೊತ್ತಿರಲಿಲ್ಲ. ಬಿ.ಇ. ಪುಸ್ತಕಗಳೇ ಇನ್ನೊಂದಿಷ್ಟು ದಪ್ಪ ಇರುತ್ತವೆ ಎಂದುಕೊಂಡಿದ್ದೆ. ಹಾಗಲ್ಲ ಎಂದು ತಿಳಿಯಲು ಒಂದು ಸೆಮಿಸ್ಟರ್ ಬೇಕಾಯಿತು. ಆ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕಣದಲ್ಲೇ ಶುರುವಾಗಿದ್ದರಿಂದ ಕಾಫಿಯಿಂದಲೇ ಹೋಗೋಣ.

ಮೊದಲು ಬಿ.ಇ. ಲೆಕ್ಕ. ನೂರು ಕಿಲೋ ಹಣ್ಣು ಇದೆ. ಅದರಲ್ಲಿ ನೀರು 65 ಕಿಲೋ ಎಂದು ಇಟ್ಟುಕೊಳ್ಳಿ. ಉಳಿದ 35 ಕಿಲೋ ಒಣ ಪದಾರ್ಥ. ತೇವ ಶೇಕಡಾ 11ಕ್ಕೆ ಇಳಿಯುವ ಹೊತ್ತಿಗೆ ಒಟ್ಟು ತೂಕ ಸುಮಾರು 39 ಕಿಲೋ ಆಗಿರುತ್ತದೆ. ಅಂದರೆ 61 ಕಿಲೋ ನೀರು ಹೋಗಬೇಕು. ಒಂದು ಕಿಲೋ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಗುಣಿಸಿದರೆ 1,46,000 ಕಿಲೋಜೂಲ್. ಒಣ ಸೌದೆ ಕಿಲೋಗೆ ಸುಮಾರು 15,000 ಕಿಲೋಜೂಲ್ ಕೊಡುತ್ತದೆ. ಹಾಗಾದರೆ ಹತ್ತು ಕಿಲೋ ಸೌದೆ ಸಾಕು.

ಲೆಕ್ಕ ಸರಿಯಾಗಿಯೇ ಇದೆ. ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುತ್ತದೆ. ಆದರೆ ಡ್ರೈಯರ್ ಇಟ್ಟುಕೊಂಡ ಯಾರನ್ನಾದರೂ ಕೇಳಿ, ನಕ್ಕುಬಿಡುತ್ತಾರೆ. ಸೌದೆ ಇದರ ಎಷ್ಟೋ ಪಟ್ಟು ಹೋಗುತ್ತದೆ. ಬಿಸಿ ಗಾಳಿ ಪೂರ್ತಿ ತೇವ ಹೀರುವ ಮೊದಲೇ ಹೊರಗೆ ಹೋಗುತ್ತದೆ. ಗೋಡೆ ಕಾಯುತ್ತದೆ. ಸೌದೆಯೇ ಅರ್ಧ ಹಸಿ ಇರುತ್ತದೆ. ಇದನ್ನೆಲ್ಲ ‘ನಷ್ಟ’ ಎಂದು ಒಂದೇ ಪದದಲ್ಲಿ ಮುಗಿಸಿ, ದಕ್ಷತೆ ಶೇಕಡಾ ಇಷ್ಟು ಎಂದು ಬರೆದು ಬಿ.ಇ. ಮುಂದಿನ ಪಾಠಕ್ಕೆ ಹೋಗುತ್ತದೆ.

ಈಗ ಇನ್ನೊಂದು ಪ್ರಶ್ನೆ. ಬೆಂಕಿ ಎರಡು ಪಟ್ಟು ಜೋರು ಮಾಡಿದರೆ ಕಾಫಿ ಅರ್ಧ ಸಮಯದಲ್ಲಿ ಒಣಗುತ್ತದಾ?

ಹುಡುಗ ಹೌದು ಎಂದ. ಅಲ್ಲ ಎಂದು ಅವನ ಅಜ್ಜನಿಗೂ ಗೊತ್ತು. ಯಾಕಲ್ಲ ಎನ್ನುವುದರಲ್ಲಿ ಎಂ.ಟೆಕ್ ಇದೆ.

ಶಾಖ ನಾಲ್ಕು ನಿಮಿಷ, ನೀರು ಮೂರು ದಿನ

ಒದ್ದೆ ಹಣ್ಣಿನ ಮೇಲ್ಮೈಯ ನೀರು ಮೊದಲು ಹೋಗುತ್ತದೆ. ಆಗ ಗಾಳಿ ಜಾಸ್ತಿ ಬಿಸಿಯಾದಷ್ಟೂ, ಜೋರಾಗಿ ಬೀಸಿದಷ್ಟೂ ಬೇಗ ಒಣಗುತ್ತದೆ. ಮೇಲಿನ ನೀರು ಮುಗಿದ ಮೇಲೆ ಆಟವೇ ಬೇರೆ. ಒಳಗಿನ ನೀರು ಹೊರಗೆ ಬರಬೇಕು. ಬೇಳೆ, ಅದರ ಮೇಲೆ ಪಾರ್ಚ್‌ಮೆಂಟ್ ಎಂಬ ಗಟ್ಟಿ ಪೊರೆ, ಅದರ ಮೇಲೆ ಒಣಗುತ್ತಿರುವ ಸಿಪ್ಪೆ. ಇಷ್ಟನ್ನೂ ದಾಟಿ ಇಂಚಿಂಚಾಗಿ ತೆವಳಿ ಬರಬೇಕು. ಹೊರಗೆ ಎಷ್ಟೇ ಗಾಳಿ ಬೀಸಿದರೂ ಅದು ತನ್ನ ಪಾಡಿಗೆ ಬರುತ್ತದೆ.

ಆ ಪಾಡು ಎಷ್ಟು ನಿಧಾನ? ಇದಕ್ಕೆ ಒಂದು ಚಿಕ್ಕ ಲೆಕ್ಕ ಇದೆ. ದಾಟಬೇಕಾದ ದೂರದ ವರ್ಗವನ್ನು ಆ ವಸ್ತು ಹರಡುವ ಗುಣಾಂಕದಿಂದ ಭಾಗಿಸಿದರೆ ಸಮಯದ ಅಂದಾಜು ಸಿಗುತ್ತದೆ. ಹಣ್ಣಿನ ನಡುವಿನಿಂದ ಅಂಚಿಗೆ 5 ಮಿಲಿಮೀಟರ್ ಎಂದುಕೊಳ್ಳಿ. ಇಂಥ ಕಾಳುಗಳಲ್ಲಿ ಶಾಖ ಹರಡುವ ಗುಣಾಂಕ ಸೆಕೆಂಡಿಗೆ ಒಂದು ಚದರ ಮೀಟರಿನ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಭಾಗಿಸಿದರೆ 250 ಸೆಕೆಂಡ್, ಹೆಚ್ಚುಕಡಿಮೆ ನಾಲ್ಕು ನಿಮಿಷ. ನೀರು ಹರಡುವ ಗುಣಾಂಕ ಅದಕ್ಕಿಂತ ಸಾವಿರ ಪಟ್ಟು ಕಡಿಮೆ, ಸಾವಿರ ಕೋಟಿಯಲ್ಲಿ ಒಂದು ಪಾಲಿನಷ್ಟು. ಭಾಗಿಸಿದರೆ 2,50,000 ಸೆಕೆಂಡ್. ಹತ್ತಿರ ಹತ್ತಿರ ಮೂರು ದಿನ.

ಇಲ್ಲಿ ಸ್ವಲ್ಪ ನಿಲ್ಲಿ. ಬೇಳೆಯ ನಡುವಿಗೆ ಬಿಸಿ ತಲುಪಲು ನಾಲ್ಕು ನಿಮಿಷ. ಅದೇ ನಡುವಿನಿಂದ ನೀರು ಹೊರಬರಲು ಮೂರು ದಿನ. ಬೆಂಕಿ ಜೋರು ಮಾಡಿದರೆ ಏನಾಗುತ್ತದೆ ಎಂದು ಈಗ ಹೇಳಬೇಕಿಲ್ಲ. ನೀರು ಬರುವ ಮೊದಲೇ ಬೇಳೆ ಬೇಯುತ್ತದೆ. ಸಿಪ್ಪೆ ತೆಗೆದು ಆ ಪೊರೆಯ ಸಮೇತ ಒಣಗಿಸುವ ಪಾರ್ಚ್‌ಮೆಂಟ್ ಕಾಫಿಯಲ್ಲಿ ಬೇಳೆಯ ಉಷ್ಣತೆ 40 ಡಿಗ್ರಿ ಆಸುಪಾಸು, ಇಡೀ ಹಣ್ಣನ್ನೇ ಒಣಗಿಸುವ ಚೆರ್ರಿ ಆದರೆ 45ರ ಒಳಗೆ ಇರಲಿ ಎಂದು ಹೇಳುವುದು ಇದಕ್ಕೇ. ದಾಟಿದರೆ ಕಪ್ಪಿನಲ್ಲಿ ರುಚಿ ಕೆಡುತ್ತದೆ.

ನನಗೆ ಈ ಲೆಕ್ಕ ಮೊದಲ ಸೆಮಿಸ್ಟರಿನಲ್ಲಿ ಸಿಕ್ಕಿತು. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಕೂತು ನಮ್ಮ ಕಣವನ್ನು ಇನ್ನೊಮ್ಮೆ ನೆನೆಸಿಕೊಂಡೆ. ಸಂಜೆ ಕಾಫಿಯನ್ನು ಗುಡ್ಡೆ ಹಾಕಿ ಟಾರ್ಪಾಲು ಮುಚ್ಚುತ್ತೇವಲ್ಲ, ಅದು ಇಬ್ಬನಿಗೆ ಮಾತ್ರ ಎಂದುಕೊಂಡಿದ್ದೆ. ಆ ರಾತ್ರಿ ಒಳಗಿನ ನೀರು ನಿಧಾನವಾಗಿ ಹೊರಗಿನ ಪದರಕ್ಕೆ ಬಂದು ಹರಡಿಕೊಳ್ಳುತ್ತದೆ. ಬೆಳಗಿನ ಬಿಸಿಲಿಗೆ ಅದು ಸುಲಭದ ತುತ್ತು. ಹಳಬರು ಸಮೀಕರಣ ಇಲ್ಲದೆಯೇ ಅದನ್ನು ಮಾಡುತ್ತಾ ಬಂದಿದ್ದಾರೆ.

ಇನ್ನೂ ಒಂದು ಮಜಾ ಇದೆ. ಶಾಖ ಘನವಸ್ತುವಿನಲ್ಲಿ ಹೇಗೆ ಹರಿಯುತ್ತದೆ ಎಂಬ ಸಮೀಕರಣವನ್ನು ಫ್ರಾನ್ಸಿನ ಫೂರಿಯೇ 1822ರಲ್ಲಿ ಪುಸ್ತಕವಾಗಿ ಕೊಟ್ಟ. 1855ರಲ್ಲಿ ಜರ್ಮನಿಯ ವೈದ್ಯ ಅಡಾಲ್ಫ್ ಫಿಕ್ ಅದೇ ರೂಪವನ್ನು ಎತ್ತಿಕೊಂಡು, ದ್ರವದಲ್ಲಿ ಉಪ್ಪು ಹರಡುವುದಕ್ಕೂ ಇದೇ ಸಾಕು ಎಂದ. ಅಕ್ಷರ ಬದಲಾಯಿತು, ಗಣಿತ ಅದೇ ಉಳಿಯಿತು. ಬಿ.ಇ.ಯಲ್ಲಿ ಹೀಟ್ ಟ್ರಾನ್ಸ್‌ಫರ್ ಒಂದು ವಿಷಯ, ತೇವ ಇನ್ನೊಂದು ವಿಷಯ. ಎಂ.ಟೆಕ್‌ನಲ್ಲಿ ಎರಡೂ ಒಂದೇ ಎಂದು ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತಾರೆ. ಒಂದನ್ನು ಸರಿಯಾಗಿ ಕಲಿತರೆ ಇನ್ನೊಂದು ಪುಕ್ಕಟೆ.

ಈಗ ಅವರಪ್ಪನ ಪ್ರಶ್ನೆಗೆ ಬರೋಣ. ಬಿ.ಇ.ಯಲ್ಲಿ ಸೂತ್ರ ಕೊಡುತ್ತಾರೆ, ಸಂಖ್ಯೆ ಹಾಕುತ್ತೀರಿ. ಎಂ.ಟೆಕ್‌ನಲ್ಲಿ ಆ ಸೂತ್ರ ಎಲ್ಲಿಂದ ಬಂತು, ಎಲ್ಲಿ ಕೈಕೊಡುತ್ತದೆ ಎಂದು ಕೇಳುತ್ತಾರೆ. ಒಂದು ಚಿಕ್ಕ ಉದಾಹರಣೆ. ಬಿಸಿ ಗುಂಡು ತಣ್ಣಗಾಗುವ ಲೆಕ್ಕದಲ್ಲಿ ಬಿಯೋ ಸಂಖ್ಯೆ (ಶಾಖಕ್ಕೆ ಗುಂಡಿನ ಒಳಗಿರುವ ಅಡ್ಡಿ, ಮೇಲ್ಮೈ ಬಿಟ್ಟು ಹೋಗಲು ಇರುವ ಅಡ್ಡಿಯ ಎಷ್ಟು ಪಟ್ಟು ಎಂಬುದು) 0.1ಕ್ಕಿಂತ ಕಡಿಮೆ ಇದ್ದರೆ ಇಡೀ ಗುಂಡಿಗೆ ಒಂದೇ ಉಷ್ಣತೆ ಎಂದುಕೊಳ್ಳಬಹುದು. ಬಿ.ಇ. ಓದಿದ ಎಲ್ಲರಿಗೂ ಇದು ಬಾಯಿಪಾಠ. ಆದರೆ 0.1 ಯಾಕೆ? 0.2 ಯಾಕಲ್ಲ? ಅದಕ್ಕಿಂತ ಕೆಳಗಿದ್ದರೆ ತಪ್ಪು ಶೇಕಡಾ 5ರ ಒಳಗೆ ಉಳಿಯುತ್ತದೆ, ಅಷ್ಟೇ. ನಿಮ್ಮ ಕೆಲಸಕ್ಕೆ ಶೇಕಡಾ ಹತ್ತರಷ್ಟು ತಪ್ಪು ನಡೆಯುತ್ತದೆ ಎಂದಾದರೆ ಗೆರೆಯನ್ನು ನೀವೇ ಎಳೆದುಕೊಳ್ಳಬಹುದು. ಆ ಧೈರ್ಯ ಬರಲು ಎರಡು ವರ್ಷ ಬೇಕಾಗುತ್ತದೆ ಎಂದು ನನ್ನ ಅನಿಸಿಕೆ.

ಯಾವ ವಿಭಾಗ?

ಮೆಕ್ಯಾನಿಕಲ್ ಎಂ.ಟೆಕ್ ಎಂದರೆ ಒಂದೇ ಕೋರ್ಸ್ ಅಲ್ಲ. ಹೆಸರುಗಳು ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತವೆ. ಮೂಲದಲ್ಲಿ ಮೂರು ದಾರಿ: ಥರ್ಮಲ್, ಡಿಸೈನ್, ಮ್ಯಾನುಫ್ಯಾಕ್ಚರಿಂಗ್. ರೋಬೋಟಿಕ್ಸ್, ಮೆಕಾಟ್ರಾನಿಕ್ಸ್, ಮೆಟೀರಿಯಲ್ಸ್ ಎಲ್ಲ ಇವುಗಳ ಅಕ್ಕಪಕ್ಕದಲ್ಲಿ ಬರುತ್ತವೆ.

ಸಂಪಾಜೆ ಘಾಟಿಯಲ್ಲಿ ಇಳಿಯುವ ಬಸ್ಸನ್ನು ನೋಡಿ. ಜನ, ಲಗೇಜು ಸೇರಿ 15 ಟನ್ ಎಂದುಕೊಳ್ಳೋಣ. ಮಡಿಕೇರಿಯಿಂದ ಕೆಳಗೆ ಸುಮಾರು ಸಾವಿರ ಮೀಟರ್ ಇಳಿಯುತ್ತದೆ. ತೂಕ, ಗುರುತ್ವ, ಎತ್ತರ ಗುಣಿಸಿದರೆ 1,47,000 ಕಿಲೋಜೂಲ್. ಎಲ್ಲೋ ನೋಡಿದ ಸಂಖ್ಯೆ ಅನಿಸಿತಾ? ನೂರು ಕಿಲೋ ಹಣ್ಣು ಒಣಗಿಸಲು ಬೇಕಾದ ಶಾಖ ಇಷ್ಟೇ ಇತ್ತು. ಡ್ರೈವರ್ ಬರೀ ಬ್ರೇಕ್ ಒತ್ತಿಕೊಂಡು ಇಳಿದರೆ ಹತ್ತು ಕಿಲೋ ಸೌದೆಯ ಬೆಂಕಿಯನ್ನು ಬ್ರೇಕ್ ಡ್ರಮ್ಮಿನೊಳಗೆ ಹಾಕಿದ ಹಾಗೆ. ಲೈನಿಂಗ್ ಕಾದು ಹಿಡಿತ ತಪ್ಪುತ್ತದೆ. ಅದಕ್ಕೇ ಅವರು ಗೇರ್ ಇಳಿಸಿ ಎಂಜಿನ್ನಿಗೆ ಆ ಕೆಲಸ ವಹಿಸುತ್ತಾರೆ.

ಆ ಡ್ರಮ್ಮಿನ ಶಾಖ ಎಲ್ಲಿಗೆ ಹೋಗುತ್ತದೆ, ಗಾಳಿ ಅದನ್ನು ಹೇಗೆ ಒಯ್ಯುತ್ತದೆ ಎಂದು ಕೇಳುವವರು ಥರ್ಮಲ್‌ನವರು. ಡ್ರಮ್ ಕಾದು ಹಿಗ್ಗಿದಾಗ ಬಿರುಕು ಬಿಡುತ್ತದಾ, ಬ್ರೇಕ್ ಒತ್ತಿದಾಗ ಕಿರುಗುಟ್ಟುವುದು ಯಾಕೆ ಎಂದು ಕೇಳುವವರು ಡಿಸೈನ್‌ನವರು. ಅದನ್ನು ಎರಕ ಹೊಯ್ಯುವಾಗ ಒಳಗೆ ಗುಳ್ಳೆ ಉಳಿಯದಂತೆ ಮಾಡುವುದು ಹೇಗೆ, ಒಂದೇ ಅಳತೆಯ ಸಾವಿರ ಡ್ರಮ್ ಬರುವುದು ಹೇಗೆ ಎಂದು ಕೇಳುವವರು ಮ್ಯಾನುಫ್ಯಾಕ್ಚರಿಂಗ್‌ನವರು. ವಸ್ತು ಒಂದೇ, ಪ್ರಶ್ನೆ ಮೂರು. ನಿಮ್ಮ ತಲೆಯಲ್ಲಿ ಮೊದಲು ಯಾವ ಪ್ರಶ್ನೆ ಏಳುತ್ತದೆ ಎಂದು ನೋಡಿಕೊಳ್ಳಿ. ಯಾವುದರಲ್ಲಿ ಪ್ಲೇಸ್‌ಮೆಂಟ್ ಚೆನ್ನಾಗಿದೆ ಎಂದು ಸೀನಿಯರುಗಳು ಹೇಳುವುದು ಎರಡು ವರ್ಷದಲ್ಲಿ ಬದಲಾಗಿರುತ್ತದೆ.

ಸೇರುವ ದಾರಿ

ಬಿ.ಇ.ಗೆ ನಮ್ಮಲ್ಲೇ ಪೊನ್ನಂಪೇಟೆಯಲ್ಲಿ, ಕುಶಾಲನಗರದಲ್ಲಿ ಕಾಲೇಜುಗಳಿವೆ. ಎಂ.ಟೆಕ್ ಎಂದಾಗ ಕೊಡಗಿನವರು ಸಾಮಾನ್ಯವಾಗಿ ಘಟ್ಟ ಇಳಿಯುತ್ತಾರೆ. ಸುರತ್ಕಲ್ ಎನ್‌ಐಟಿ ಒಂದು ಕಡೆ, ಮೈಸೂರು, ಬೆಂಗಳೂರು ಇನ್ನೊಂದು ಕಡೆ. ಐಐಎಸ್‌ಸಿ, ಧಾರವಾಡ ಐಐಟಿ ಸೇರಿದರೆ ರಾಜ್ಯದೊಳಗೇ ಒಳ್ಳೆಯ ಆಯ್ಕೆಗಳಿವೆ.

ಬಾಗಿಲು ಮಾತ್ರ ಹೆಚ್ಚಿನ ಕಡೆ ಒಂದೇ, ಗೇಟ್ ಪರೀಕ್ಷೆ. ಐಐಎಸ್‌ಸಿ ಮತ್ತು ಏಳು ಹಳೆಯ ಐಐಟಿಗಳು ಸರದಿಯಲ್ಲಿ ನಡೆಸುತ್ತವೆ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಮೂರನೇ ವರ್ಷದವರೂ ಬರೆಯಬಹುದು. ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಹಾಗಾಗಿ ಮೂರನೇ ವರ್ಷದಲ್ಲೇ ಒಮ್ಮೆ ಬರೆದು ನೋಡುವುದು ಒಳ್ಳೆಯದು.

ಅಂಕಗಳ ಹಂಚಿಕೆ ನೋಡಿ. ಸಾಮಾನ್ಯ ತಾರ್ಕಿಕ ಪ್ರಶ್ನೆಗಳಿಗೆ 15, ಗಣಿತಕ್ಕೆ 13, ಮೆಕ್ಯಾನಿಕಲ್‌ಗೆ 72. ಮೊದಲ ಎರಡು ಸೇರಿ 28 ಅಂಕ ಮೆಕ್ಯಾನಿಕಲ್ ಅಲ್ಲವೇ ಅಲ್ಲ. ನಮ್ಮ ಹುಡುಗರು ಥರ್ಮೋಡೈನಾಮಿಕ್ಸ್ ಮೂರು ಸಲ ತಿರುವಿ ಹಾಕಿ, ಈ 28ನ್ನು ಕೊನೆಯ ವಾರಕ್ಕೆ ಬಿಡುತ್ತಾರೆ. ನಾನೂ ಹಾಗೇ ಮಾಡಿ ಮೊದಲ ಸಲ ಕೈಸುಟ್ಟುಕೊಂಡೆ. ಆಯ್ಕೆ ಪ್ರಶ್ನೆಯಲ್ಲಿ ಒಂದೇ ಉತ್ತರ ಸರಿ ಇದ್ದಾಗ ತಪ್ಪಿದರೆ ಮೂರನೇ ಒಂದು ಪಾಲು ಅಂಕ ಕಳೆಯುತ್ತಾರೆ. ಸಂಖ್ಯೆ ತುಂಬುವ ಪ್ರಶ್ನೆಗೂ, ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದಾದ ಪ್ರಶ್ನೆಗೂ ಕಳೆಯುವುದಿಲ್ಲ. ಅಂಥವನ್ನು ಖಾಲಿ ಬಿಡಬೇಡಿ. ಕ್ಯಾಲ್ಕುಲೇಟರ್ ಒಯ್ಯುವ ಹಾಗಿಲ್ಲ, ಪರದೆಯ ಮೇಲೆಯೇ ಇರುತ್ತದೆ. ಮೌಸಿನಲ್ಲಿ ಅದನ್ನು ಒತ್ತುವುದು ಮನೆಯಲ್ಲೇ ರೂಢಿಯಾಗಲಿ.

ಪರೀಕ್ಷೆ ಫೆಬ್ರವರಿಯಲ್ಲಿ. ಅಂದರೆ ಸರಿಯಾಗಿ ರೊಬಸ್ಟಾ ಕೊಯ್ಲಿನ ಕಾಲಕ್ಕೆ! ತೋಟದ ಮನೆಯ ಮಕ್ಕಳಿಗೆ ಇದೊಂದು ಕಿರಿಕಿರಿ. ಜನ ಸಿಗದೆ ಅಪ್ಪ ಒದ್ದಾಡುವಾಗ ಒಳಗೆ ಕೂತು ಓದುವುದು ಕಷ್ಟ. ನಾನು ಬರೆದದ್ದು ಮೈಸೂರಿನಲ್ಲಿ. ಹಿಂದಿನ ದಿನ ಸಂಜೆಯವರೆಗೆ ಕಾಫಿ ತೂಕ ಹಾಕಿಸಿ, ರಾತ್ರಿ ಬಸ್ಸು ಹತ್ತಿದ್ದೆ. ಹಾಗೆ ಮಾಡಬೇಡಿ. ಮಳೆಗಾಲದಲ್ಲಿ, ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೋ ಗೊತ್ತಿಲ್ಲದ ಜುಲೈ–ಆಗಸ್ಟಿನಲ್ಲೇ ಪುಸ್ತಕದಲ್ಲಿ ಮುಕ್ಕಾಲು ಪಾಲು ಮುಗಿಸಿಬಿಡಿ. ಆನ್‌ಲೈನ್ ಪಾಠ ನೆಚ್ಚಿಕೊಂಡರೆ ನಮ್ಮೂರಿನ ಮಳೆ ಬಿಡುವುದಿಲ್ಲ.

ಫಲಿತಾಂಶ ಮಾರ್ಚಿನಲ್ಲಿ. ಆಮೇಲೆ ಹೆಚ್ಚಿನವರು ಎಡವುವ ಜಾಗ ಬರುತ್ತದೆ. ಗೇಟ್ ಅಂಕ ಬಂದರೆ ಸೀಟು ತಾನಾಗಿ ಬರುವುದಿಲ್ಲ. ಐಐಟಿಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕು. ಸೀಟು ಕೊಡುವುದು ಮಾತ್ರ ಕೋಆಪ್ ಎಂಬ ಒಂದೇ ಪೋರ್ಟಲಿನಲ್ಲಿ. ಅಲ್ಲಿ ಒಂದು ಸೀಟು ಬಂದಾಗ ಮೂರು ದಾರಿ ಇರುತ್ತದೆ. ಒಪ್ಪಿಕೊಂಡು ಮುಗಿಸುವುದು, ಇದನ್ನು ಇಟ್ಟುಕೊಂಡು ಇನ್ನೂ ಒಳ್ಳೆಯದಕ್ಕೆ ಕಾಯುವುದು, ಬೇಡ ಎಂದು ಬಿಟ್ಟು ಕಾಯುವುದು. ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಬೇರೆಯೇ ಕೌನ್ಸೆಲಿಂಗ್ ಇದೆ. ನಮ್ಮ ರಾಜ್ಯದ ಕಾಲೇಜುಗಳಿಗೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಇದೆ, ಅಲ್ಲೂ ಗೇಟ್ ಪಾಸಾದವರಿಗೆ ಮೊದಲ ಆದ್ಯತೆ. ಹಾಗಾಗಿ ಮಾರ್ಚಿನಿಂದ ಜುಲೈವರೆಗೆ ಇ–ಮೇಲ್ ದಿನಾ ನೋಡಿ. ನನ್ನ ಗೆಳೆಯನೊಬ್ಬ ತೋಟದಲ್ಲಿ ಸಿಗ್ನಲ್ ಇಲ್ಲದೆ ಒಂದು ಸುತ್ತಿನ ಗಡುವು ತಪ್ಪಿಸಿಕೊಂಡ.

ಇನ್ನೊಂದು ಮಾತು. ಎಂ.ಟೆಕ್ ಅಲ್ಲದೆ ಸಂಶೋಧನೆಯ ಎಂ.ಎಸ್. ಎಂಬುದೂ ಇದೆ. ಐಐಟಿ ಮದ್ರಾಸಿನಂಥ ಕಡೆ ಎಂ.ಎಸ್. ಎನ್ನುತ್ತಾರೆ, ಐಐಎಸ್‌ಸಿಯಲ್ಲಿ ಎಂ.ಟೆಕ್ ರಿಸರ್ಚ್ ಎನ್ನುತ್ತಾರೆ. ತರಗತಿ ಕಡಿಮೆ, ಥೀಸಿಸ್ ದೊಡ್ಡದು, ಸಮಯ ಎರಡು ವರ್ಷ ದಾಟಬಹುದು. ಸಂದರ್ಶನ ಇರುತ್ತದೆ. ಕೈಯಲ್ಲಿ ಕೆಲಸ ಮಾಡಿ ನೋಡುವುದು ಇಷ್ಟವಾದವರಿಗೆ ನಾನು ಇದನ್ನೇ ಹೇಳುವುದು.

ದುಡ್ಡಿನ ಲೆಕ್ಕ ಚಿಕ್ಕದು. ಗೇಟ್ ಮೂಲಕ ಸರ್ಕಾರಿ ಸಂಸ್ಥೆಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಸಿಗುತ್ತದೆ. ಬದಲಿಗೆ ವಾರಕ್ಕೆ ಎಂಟು ಗಂಟೆ ಲ್ಯಾಬ್ ನೋಡಿಕೊಳ್ಳುವುದು, ಉತ್ತರ ಪತ್ರಿಕೆ ತಿದ್ದುವುದು ಇರುತ್ತದೆ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಮಾನ್ಯತೆ ಇರುವ ಖಾಸಗಿ ಕಾಲೇಜಿಗೂ ಗೇಟ್ ಇಟ್ಟುಕೊಂಡು ಹೋದರೆ ಇಷ್ಟೇ ಮೊತ್ತದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಗೇಟ್ ಇಲ್ಲದೆ ಸೇರಿದರೆ ಇದು ಇಲ್ಲ. ಎರಡು ವರ್ಷಕ್ಕೆ ಲೆಕ್ಕ ಹಾಕಿದರೆ ಮೂರು ಲಕ್ಷದ ಹತ್ತಿರದ ವ್ಯತ್ಯಾಸ. ಅವರಪ್ಪನಿಗೆ ಈ ಒಂದು ವಾಕ್ಯ ಸಾಕಾಯಿತು ಎಂದು ಆಮೇಲೆ ಗೊತ್ತಾಯಿತು.

ಎಂಟು ಸಾವಿರ ವರ್ಷದ ಕಾಫಿ

ಮೊದಲ ವರ್ಷ ಗಣಿತವೇ ಗಣಿತ. ಪಾರ್ಶಿಯಲ್ ಡಿಫರೆನ್ಷಿಯಲ್ ಸಮೀಕರಣ, ಟೆನ್ಸರ್, ಸಂಖ್ಯಾತ್ಮಕ ವಿಧಾನ. ಬಹಳ ಜನ ಇಲ್ಲೇ ಬೆವರುತ್ತಾರೆ. ದ್ರವ ಹರಿಯುವುದನ್ನು ಹೇಳುವ ನೇವಿಯರ್–ಸ್ಟೋಕ್ಸ್ ಸಮೀಕರಣದ ಒಂದು ಮೂಲಪ್ರಶ್ನೆ ಬಿಡಿಸಿದವರಿಗೆ ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ನೇ ಇಸವಿಯಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿತು. ಅದು ಇನ್ನೂ ಹಾಗೇ ಇದೆ. ಅಂದರೆ ಕಾವೇರಿ ಹರಿಯುವುದನ್ನು ಪೂರ್ತಿ ಅರ್ಥ ಮಾಡಿಕೊಂಡವರು ಯಾರೂ ಇಲ್ಲ ಅಲ್ವಾ? ಪರೀಕ್ಷೆಯಲ್ಲಿ ನಾಲ್ಕು ಅಂಕ ಹೋದದ್ದಕ್ಕೆ ನಾನು ಇದನ್ನೇ ಸಮಾಧಾನ ಮಾಡಿಕೊಂಡೆ.

ಕೈಯಲ್ಲಿ ಬಿಡಿಸಲಾಗದ ಸಮೀಕರಣಕ್ಕೆ ಕಂಪ್ಯೂಟರ್. ವಸ್ತುವನ್ನು ಸಾವಿರಾರು ಚಿಕ್ಕ ತುಂಡುಗಳಾಗಿ ಮನಸ್ಸಿನಲ್ಲೇ ಕತ್ತರಿಸಿ, ಒಂದೊಂದು ತುಂಡಿಗೂ ಸುಲಭದ ಲೆಕ್ಕ ಹಾಕಿ, ಎಲ್ಲವನ್ನೂ ಜೋಡಿಸುವುದು. ಇದೇ ಫೈನೈಟ್ ಎಲಿಮೆಂಟ್ ವಿಧಾನ. ಗಣಿತಜ್ಞ ಕೂರಾಂಟ್ 1943ರ ಲೇಖನದಲ್ಲಿ ಇದರ ಬೀಜ ಇತ್ತು. ಹೆಸರು ಇಟ್ಟದ್ದು 1960ರಲ್ಲಿ ರೇ ಕ್ಲಫ್. ಈಗ ಆನ್ಸಿಸ್, ಅಬಾಕಸ್ ಥರದ ಸಾಫ್ಟ್‌ವೇರ್‌ಗಳು ಒಂದು ಗುಂಡಿ ಒತ್ತಿದರೆ ಬಣ್ಣಬಣ್ಣದ ಚಿತ್ರ ಕೊಡುತ್ತವೆ. ಆ ಚಿತ್ರವೇ ಮೋಸ.

ಎರಡನೇ ವರ್ಷ ಥೀಸಿಸ್. ನಾನು ಆರಿಸಿಕೊಂಡದ್ದು ಇದೇ ಕಾಫಿ ಒಣಗಿಸುವುದು. ಗೈಡ್ ಒಪ್ಪಿದರು. ಒಂದು ಬೇಳೆಯ ಚಿತ್ರ ಬರೆದು, ತುಂಡು ಮಾಡಿ, ರಾತ್ರಿ ಲೆಕ್ಕಕ್ಕೆ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಚಂದದ ನೀಲಿ–ಕೆಂಪು ಚಿತ್ರ. ಮೂರು ದಿನದ ಒಣಗಿಸುವಿಕೆ ಆದ ಮೇಲೂ ಬೇಳೆಯಲ್ಲಿ ತೇವ ಒಂದು ಚೂರೂ ಕಡಿಮೆಯಾಗಿಲ್ಲ. ಒಂದು ವಾರ ಗುಣಾಂಕ ಬದಲಿಸಿ, ತುಂಡು ಚಿಕ್ಕದು ಮಾಡಿ, ಏನೇನೋ ಮಾಡಿದೆ. ಗೈಡ್ ಬಂದು ಪರದೆ ನೋಡಿ ಒಂದೇ ಮಾತು ಕೇಳಿದರು.

“ನಿಮ್ಮೂರಲ್ಲಿ ಕಾಫಿ ಬೇಳೆ ಎಷ್ಟು ದೊಡ್ಡದಿರುತ್ತೆ?”

ಮಿಲಿಮೀಟರಿನಲ್ಲಿ ಬರೆದ ಚಿತ್ರವನ್ನು ಸಾಫ್ಟ್‌ವೇರ್ ಮೀಟರ್ ಎಂದು ಓದಿತ್ತು. ನನ್ನ ಬೇಳೆ ಒಂದು ಕಾಫಿ ಗೋಡೌನಿನಷ್ಟಿತ್ತು. ದೂರ ಸಾವಿರ ಪಟ್ಟಾದರೆ ಸಮಯ ಅದರ ವರ್ಗ, ಹತ್ತು ಲಕ್ಷ ಪಟ್ಟು. ಮೂರು ದಿನದ ಜಾಗದಲ್ಲಿ ಸುಮಾರು ಎಂಟು ಸಾವಿರ ವರ್ಷ. ಸಾಫ್ಟ್‌ವೇರ್ ಒಂದು ಮಾತೂ ತಕರಾರು ಮಾಡಲಿಲ್ಲ. ಮೇಲೆ ಹೇಳಿದ ಒಂದು ಸಾಲಿನ ಲೆಕ್ಕವನ್ನು ಪೇಪರಿನ ಮೇಲೆ ಮೊದಲೇ ಹಾಕಿ ಇಟ್ಟುಕೊಂಡಿದ್ದರೆ ಒಂದು ವಾರ ಉಳಿಯುತ್ತಿತ್ತು. ಅವತ್ತಿನಿಂದ ಕೈಲೆಕ್ಕ ಹಾಕದೆ ನಾನು ಕಂಪ್ಯೂಟರ್ ಮುಟ್ಟಿಲ್ಲ.

ಅಳತೆ ಸರಿಯಾದ ಮೇಲೂ ಇನ್ನೊಂದು ಪರೀಕ್ಷೆ ಇದೆ. ತುಂಡುಗಳನ್ನು ಎರಡು ಪಟ್ಟು ಚಿಕ್ಕದು ಮಾಡಿ ಮತ್ತೆ ಲೆಕ್ಕ ಹಾಕಬೇಕು. ಉತ್ತರ ಬದಲಾದರೆ ಹಿಂದಿನದು ನಂಬಿಕೆಗೆ ಯೋಗ್ಯವಲ್ಲ. ಬದಲಾಗುವುದು ನಿಲ್ಲುವ ತನಕ ಹೀಗೇ ಮುಂದುವರಿಸಬೇಕು. ಕಂಪನಿಯ ಸಂದರ್ಶನದಲ್ಲಿ ನನಗೆ ಮೊದಲು ಕೇಳಿದ್ದು ಇದನ್ನೇ. ಸಾಫ್ಟ್‌ವೇರಿನ ಹೆಸರು ಅವರು ಕೇಳಲೇ ಇಲ್ಲ.

ಲ್ಯಾಬಿನಲ್ಲಿ ಅಳೆಯುವುದು ಇದಕ್ಕಿಂತ ತಲೆನೋವು. ಒಣಗುವಾಗ ತೂಕ ಎಷ್ಟು ಇಳಿಯಿತು ಎಂದು ನೋಡಬೇಕು. ಟ್ರೇಯನ್ನು ತೂಕದ ಯಂತ್ರದ ಮೇಲೆ ಇಟ್ಟು ಕೆಳಗಿನಿಂದ ಬಿಸಿ ಗಾಳಿ ಬಿಟ್ಟೆ. ಗಾಳಿಯೇ ಟ್ರೇಯನ್ನು ಎತ್ತುತ್ತದೆ! ತೂಕ ಕುಣಿಯುತ್ತದೆ. ಕೊನೆಗೆ ಪ್ರತಿ ಸಲ ಫ್ಯಾನ್ ನಿಲ್ಲಿಸಿ, ಹತ್ತು ಸೆಕೆಂಡ್ ಕಾದು, ತೂಕ ಬರೆದುಕೊಂಡು ಮತ್ತೆ ಫ್ಯಾನ್ ಹಾಕುವುದು. ರಾತ್ರಿ ಇಡೀ, ಅರ್ಧ ಗಂಟೆಗೊಮ್ಮೆ. ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು ಕಾಫಿ ತೂಗುತ್ತಾ ಕೂತಿದ್ದೆ.

ಮತ್ತೆ ದೂರದ ವರ್ಗದ ಮಾತಿಗೆ ಬಂದರೆ, ಪಲ್ಪರ್‌ಗೆ ಹಾಕಿ ಸಿಪ್ಪೆ ತೆಗೆದ ಪಾರ್ಚ್‌ಮೆಂಟಿನಲ್ಲಿ ನೀರು ದಾಟಬೇಕಾದ ದೂರ ಅರ್ಧಕ್ಕೆ ಇಳಿಯುತ್ತದೆ ಎಂದುಕೊಳ್ಳಿ. ಸಮಯ ಕಾಲು ಭಾಗ ಆಗಬೇಕು. ಕಣದಲ್ಲಿ ಹಾಗೆ ಕಾಣುವುದಿಲ್ಲ. ಒಳ್ಳೆಯ ಬಿಸಿಲಿದ್ದರೆ ಚೆರ್ರಿಗೆ 12ರಿಂದ 15 ದಿನ, ಪಾರ್ಚ್‌ಮೆಂಟಿಗೆ ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಲೆಕ್ಕಕ್ಕೂ ಕಣಕ್ಕೂ ಯಾಕೆ ಇಷ್ಟು ದೂರ? ರಾತ್ರಿ ಬಿಸಿಲಿಲ್ಲ, ಮೋಡ ಬರುತ್ತದೆ, ಹರಡಿದ ಪದರ ದಪ್ಪ, ಸಿಪ್ಪೆ ಬೇರೆ, ಬೇಳೆ ಬೇರೆ, ಒಣಗುತ್ತಾ ಗುಣಾಂಕವೇ ಬದಲಾಗುತ್ತದೆ. ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸಿ ತೋರಿಸಿದರೆ ಅದೇ ಥೀಸಿಸ್. ನನ್ನದು 90 ಪುಟ ಆಯಿತು. ಅರ್ಧ ಪಾಲು ಪದರದ ದಪ್ಪದ ಬಗ್ಗೆಯೇ.

ಗೈಡ್ ಆರಿಸುವಾಗ ಅವರ ಹೆಸರಿಗಿಂತ ಅವರ ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ವಾರಕ್ಕೆ ಒಮ್ಮೆಯಾದರೂ ಸಿಗುತ್ತಾರಾ ಎಂಬುದೊಂದೇ ಪ್ರಶ್ನೆ. ನನ್ನ ಪಕ್ಕದ ರೂಮಿನವನ ಗೈಡ್ ತುಂಬಾ ದೊಡ್ಡವರು. ಅವನು ಅವರನ್ನು ನೋಡಿದ್ದು ಸೆಮಿಸ್ಟರಿಗೆ ಎರಡು ಸಲ.

ವಿದೇಶದ ಮಾತು

ಕೊಡಗಿನ ಮನೆಗಳಲ್ಲಿ ಒಬ್ಬರಾದರೂ ಹೊರದೇಶದಲ್ಲಿ ಇರುತ್ತಾರೆ, ಹಾಗಾಗಿ ಈ ಪ್ರಶ್ನೆ ಬಂದೇ ಬರುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಆದರೆ ಎಲ್ಲ ಕಡೆ ಅಲ್ಲ. ಬಾಡೆನ್–ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ವೀಸಾಕ್ಕೆ ನಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು. ಒಂದು ವರ್ಷದ ಖರ್ಚು ಎಂದು 11,904 ಯೂರೋವನ್ನು ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ಮಾತ್ರ ತೆಗೆಯಬಹುದಾದ ಖಾತೆ) ತೋರಿಸಬೇಕೆಂದು 2024ರ ಸೆಪ್ಟೆಂಬರಿನಲ್ಲಿ ನಿಯಮ ಬಂತು. ಅದು ಬದಲಾಗುತ್ತಿರುತ್ತದೆ, ಅರ್ಜಿ ಹಾಕುವಾಗ ನೋಡಿಕೊಳ್ಳಿ. ಓದು ಇಂಗ್ಲಿಷಿನಲ್ಲಿ ಆದರೂ ಕೆಲಸಕ್ಕೆ ಜರ್ಮನ್ ಬೇಕೇ ಬೇಕು.

ಅಮೆರಿಕದ ಎಂ.ಎಸ್. ಸಾಮಾನ್ಯವಾಗಿ 30 ಕ್ರೆಡಿಟ್, ಥೀಸಿಸ್ ಇಲ್ಲದೆಯೂ ಮುಗಿಸಬಹುದು. ಖರ್ಚು ಜಾಸ್ತಿ. ತೋಟ ಅಡವಿಟ್ಟು ಥೀಸಿಸ್ ಇಲ್ಲದ ಕೋರ್ಸಿಗೆ ಹೋಗುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಯಾರಿಗೆ ಬೇಡ

ಸಾಫ್ಟ್‌ವೇರ್ ಕೆಲಸಕ್ಕೆ ಹೋಗುವುದು ಎಂದು ತೀರ್ಮಾನ ಮಾಡಿದವರಿಗೆ ಇದು ಬೇಡ. ಸರ್ಕಾರಿ ಉದ್ದಿಮೆಗಳಲ್ಲಿ ಗೇಟ್ ಅಂಕ ನೋಡಿ ತೆಗೆದುಕೊಳ್ಳುವ ಹುದ್ದೆಗಳಿಗೂ ಬಿ.ಇ. ಸಾಕು, ಎಂ.ಟೆಕ್ ಬೇಕಿಲ್ಲ. ಬಿ.ಇ. ಮುಗಿದ ಮೇಲೆ ಕೆಲಸ ಸಿಗಲಿಲ್ಲ, ಮನೆಯಲ್ಲಿ ಕೂತರೆ ಜನ ಕೇಳುತ್ತಾರೆ ಎಂದು ಸೇರುವವರೂ ಇದ್ದಾರೆ. ಎರಡು ವರ್ಷದ ನಂತರ ಅದೇ ಜನ ಅದೇ ಪ್ರಶ್ನೆ ಕೇಳುತ್ತಾರೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕು ಎಂದರೆ ಮಾತ್ರ ಇದು ಕಡ್ಡಾಯ. ವಾಹನ, ವಿಮಾನ, ಟರ್ಬೈನ್, ಬ್ಯಾಟರಿ ತಂಪು ಮಾಡುವ ವ್ಯವಸ್ಥೆ, ಇಂಥ ಕಡೆ ವಿನ್ಯಾಸದ ಮೇಜಿಗೆ ಹೋಗಬೇಕು ಎಂದರೆ ತುಂಬಾ ಉಪಯೋಗ.

ಇಷ್ಟು ಹೇಳುವ ಹೊತ್ತಿಗೆ ಬಿಸಿಲು ಏರಿತ್ತು. ಹುಡುಗ ಒಂದು ಹಿಡಿ ಚೆರ್ರಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಣಗಿದ್ದರೆ ಒಳಗೆ ಬೇಳೆ ಗಲಗಲ ಎನ್ನುತ್ತದೆ. ಶಬ್ದ ಬರಲಿಲ್ಲ. ವಾಪಸ್ ಹಾಕಿದ.

“ನಿನಗೆ ಯಾವುದಾದ್ರೂ ಪ್ರಶ್ನೆ ಇದ್ಯಾ? ಪರೀಕ್ಷೆದಲ್ಲ, ನಿನ್ನದೇ,” ಎಂದು ಕೇಳಿದೆ.

ಸ್ವಲ್ಪ ಯೋಚಿಸಿದ. “ಕಳೆ ಹೊಡೆಯೋ ಮಷಿನ್ ಹಿಡಿದ್ರೆ ಕೈ ಜೋಮು ಹಿಡಿಯುತ್ತಲ್ಲ ಅಣ್ಣ. ನನಗೆ ಎಡಗೈ ಮಾತ್ರ ಹಿಡಿಯುತ್ತೆ. ಅಪ್ಪನಿಗೂ ಎಡಗೈಯೇ. ಮಷಿನ್ ಒಂದೇ, ಹ್ಯಾಂಡಲ್ ಎರಡು. ಬಲಗೈ ಯಾಕೆ ಹಿಡಿಯಲ್ಲ?”

ಗೊತ್ತಿಲ್ಲ ಎಂದೆ. ಡಿಸೈನ್‌ನವರು ಕಂಪನ ಎಂದು ಓದುವುದು ಇದನ್ನೇ, ಥರ್ಮಲ್‌ನಲ್ಲಿ ನಮಗೆ ಅದನ್ನು ಹೇಳಿಕೊಟ್ಟಿಲ್ಲ ಎಂದೂ ಹೇಳಿದೆ. ಅವನು ಬೇಲಿ ದಾಟಿ ಶೆಡ್ಡಿಗೆ ಹೋದ. ಸ್ವಲ್ಪ ಹೊತ್ತಿಗೆ ಮಷಿನ್ ಸ್ಟಾರ್ಟ್ ಆದ ಸದ್ದು ಕೇಳಿಸಿತು, ಆಮೇಲೆ ನಿಂತಿತು, ಮತ್ತೆ ಸ್ಟಾರ್ಟ್ ಆಯಿತು.